ಶಿಬಿರದ ಮಕ್ಕಳಿಗೆ ಯಾವ ಕೆಲಸ ಹೇಳುತ್ತೀರಿ?



ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಮಕ್ಕಳು ಏಳು ದಿನದ ಶಿಬಿರಕ್ಕೆ ನಿಮ್ಮೂರಿಗೂ ಬಂದಿರಬಹುದು. ಶಾಲೆಯಲ್ಲಿ ವಾಸ್ತವ್ಯ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಕಾಫಿಗೆ ಡೇರಿಯ ಹಾಲು. ಹಗಲು ಚರಂಡಿ ಸ್ವಚ್ಛತೆ, ಇಲ್ಲವೇ ಗಿಡ ನೆಡುವುದು. ಮಳೆಗಾಲ ಮುಗಿದ ಮೇಲೆ ನೆಟ್ಟ ಸಸಿಗೆ ನೀರು ಹಾಕುವವರಿಲ್ಲ. ಅಲ್ಪಸ್ವಲ್ಪ ಚಿಗುರಿದರೆ ನಮ್ಮ ರಾಸುಗಳೇ ಮೇಯುತ್ತವೆ. ಇದು ಮಕ್ಕಳ ತಪ್ಪಲ್ಲ. ಊರಿಗೆ ಏನು ಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಈ ಸಲ ಸಂಘವೇ ಹೇಳಲಿ ಎಂಬುದು ನನ್ನ ಅಭಿಪ್ರಾಯ. ಕೆಲಸವೂ ಕಣ್ಣೆದುರಿಗೇ ಇದೆ: ಪ್ಲಾಸ್ಟಿಕ್.

ಹಸು ಮೇಕೆಯಂತೆ ಆರಿಸಿ ತಿನ್ನುವುದಿಲ್ಲ. ನಾಲಿಗೆಯಿಂದ ಬಾಚಿ ನುಂಗುತ್ತದೆ. ಉಳಿದ ಅನ್ನ, ತರಕಾರಿ ಸಿಪ್ಪೆಯನ್ನು ಕವರಿನಲ್ಲಿ ಕಟ್ಟಿ ಎಸೆದರೆ ಕವರಿನ ಸಮೇತ ಒಳಗೆ ಹೋಗುತ್ತದೆ. ಅದು ಕರಗುವುದೂ ಇಲ್ಲ, ಮುಂದಕ್ಕೆ ಸಾಗುವುದೂ ಕಷ್ಟ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ. ಹೆಚ್ಚಾದರೆ ಎಡಪಕ್ಕೆ ಕೊಯ್ದು ತೆಗೆಯಬೇಕು. ಅಷ್ಟು ಹೊತ್ತಿಗೆ ಎಷ್ಟೋ ರಾಸುಗಳು ಸತ್ತೇ ಹೋಗಿರುತ್ತವೆ.

ಆಯ್ದು ಚೀಲಕ್ಕೆ ತುಂಬಿದರೆ ಮುಗಿಯಿತೇ? ಮುಂದಿನ ವಾರಕ್ಕೆ ಮತ್ತೆ ಅಷ್ಟೇ ಬಿದ್ದಿರುತ್ತದೆ. ಮಕ್ಕಳು ಬೆಳಿಗ್ಗೆ ದನಗಳ ಜೊತೆ ಗೋಮಾಳಕ್ಕೆ, ಕೆರೆ ಏರಿಗೆ ನಡೆಯಲಿ. ಎಲ್ಲೆಲ್ಲಿ ಏನು ಬಿದ್ದಿದೆ ಎಂದು ಬರೆದುಕೊಳ್ಳಲಿ, ತೂಕ ಹಾಕಲಿ. ಅಂಗಡಿಯದೋ, ಮದುವೆ ಊಟದ್ದೋ, ನಮ್ಮದೇ ಮನೆಗಳದೋ ಎಂದು ವಿಂಗಡಿಸಲಿ. ನಮ್ಮ ಹಾಲಿನ ಪ್ಯಾಕೆಟ್ಟನ್ನೂ ಬಿಡುವುದು ಬೇಡ. 2016ರಲ್ಲಿ ರಾಜ್ಯ ಪ್ಲಾಸ್ಟಿಕ್ ನಿಷೇಧಿಸಿದಾಗ ಅದಕ್ಕೆ ವಿನಾಯಿತಿ ಸಿಕ್ಕಿತು, ನಿಜ. ಹಸುವಿನ ಹೊಟ್ಟೆಯಲ್ಲಿ ಅಂಥ ವಿನಾಯಿತಿ ಇಲ್ಲ. ಒಂದು ಸಂಜೆ ಭಾಷಣಕಾರರ ಬದಲು ಪಶುವೈದ್ಯರನ್ನು ಕರೆಸಿ. ಕೊನೆಯ ದಿನ ಮಕ್ಕಳು ಆ ಲೆಕ್ಕವನ್ನು ಪಂಚಾಯಿತಿ ಸದಸ್ಯರ ಮುಂದೆ ಓದಲಿ. ಊರಿನವರು ಹೇಳಿದರೆ ಜಗಳವಾಗುವ ಮಾತನ್ನು ಓದುವ ಮಕ್ಕಳು ಹೇಳಿದರೆ ಜನ ಕೇಳುತ್ತಾರೆ.

ಏಳು ದಿನ ಸಾಲದು ಎನ್ನುತ್ತೀರಿ. ಸರಿ. ಆದರೆ ಈ ಯೋಜನೆಯ ಸ್ವಯಂಸೇವಕರು ಶಿಬಿರವಲ್ಲದೆ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕೆಂಬ ನಿಯಮವಿದೆ. ಅದರಲ್ಲಿ ತಿಂಗಳಿಗೊಂದು ದಿನ ನಮ್ಮೂರಿಗೆ ಕೊಡಿ ಎಂದು ಕಾಲೇಜನ್ನು ಕೇಳಿ. ಗಿಡ ನೆಡಲೇಬೇಕೆಂದರೆ ಜೂನ್‌ನಲ್ಲಿ ಬರಲಿ. ನೀರು ಹಾಕುವ ಸದಸ್ಯರ ಬದುವಿನ ಮೇಲೆ ಅಗಸೆ, ನುಗ್ಗೆ ನೆಡಲಿ, ಮೇವಿಗಾದರೂ ಆದೀತು.

ಕಾಲೇಜಿನ ಪತ್ರ ಬಂದ ಕೂಡಲೇ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಇಡಿ. ಆಯ್ದ ಪ್ಲಾಸ್ಟಿಕ್ ಎಲ್ಲಿಗೆ ಹೋಗಬೇಕೆಂದು ಪಂಚಾಯಿತಿಯೊಂದಿಗೆ ಮೊದಲೇ ಮಾತಾಡಿಕೊಳ್ಳಿ, ಊರ ಹೊರಗೆ ಸುರಿದು ಬೆಂಕಿ ಹಚ್ಚುವಂತಾಗಬಾರದು.