ವೇದಿಕೆ ತುಂಬಿತು, ಉಪನ್ಯಾಸವೆಲ್ಲಿ?

ವಿಶ್ವವಿದ್ಯಾನಿಲಯಗಳ ಸಾರ್ವಜನಿಕ ಉಪನ್ಯಾಸಗಳಿಗೆ ವಿದ್ಯಾರ್ಥಿಗಳು ಬರುವುದಿಲ್ಲ, ಬಂದರೂ ಕೇಳುವುದಿಲ್ಲ ಎಂಬ ದೂರು ಅಧ್ಯಾಪಕ ವಲಯದಲ್ಲಿ ಸಾಮಾನ್ಯವಾಗಿದೆ. ಇದು ಅರ್ಧಸತ್ಯ. ಹಾಜರಾತಿಯ ಭಯದಿಂದ ಸಭಾಂಗಣಕ್ಕೆ ಬಂದ ವಿದ್ಯಾರ್ಥಿಯ ಮುಂದೆ ನಡೆಯುವುದೇನು? ನಾಡಗೀತೆ, ಸ್ವಾಗತ, ಸಸಿಗೆ ನೀರೆರೆಯುವ ಉದ್ಘಾಟನೆ, ಉಪನ್ಯಾಸಕ್ಕಿಂತ ದೀರ್ಘವಾದ ಪ್ರಾಸ್ತಾವಿಕ ನುಡಿ, ಶಾಲು-ಹಾರ-ಫಲತಾಂಬೂಲಗಳ ಸನ್ಮಾನ. ದೂರದಿಂದ ಬಂದ ವಿದ್ವಾಂಸರ ಸರದಿ ಬರುವ ಹೊತ್ತಿಗೆ ಊಟದ ವೇಳೆ. ಅವರು ‘ಸಮಯದ ಅಭಾವದಿಂದ’ ಎಂದು ಆರಂಭಿಸಿ ಅದೇ ಮಾತಿನಿಂದ ಮುಗಿಸುತ್ತಾರೆ. ಪ್ರಶ್ನೆಗಳಿಗೆ ಅವಕಾಶವಿಲ್ಲ; ವಂದನಾರ್ಪಣೆಗೆ ಮಾತ್ರ ಯಾವ ಅಭಾವವೂ ಇಲ್ಲ.

ಕನ್ನಡದಲ್ಲಿ ಉಪನ್ಯಾಸವೆಂಬುದು ಹಿಂದೆ ಹೀಗಿರಲಿಲ್ಲ. ಬಿ.ಎಂ.ಶ್ರೀಯವರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ಯನ್ನು ಕುರಿತು ಮಾತನಾಡಿದಾಗ ಮೈಸೂರು ವಿಶ್ವವಿದ್ಯಾನಿಲಯವೇ ಹುಟ್ಟಿರಲಿಲ್ಲ. ಆ ಮಾತು ಅಕ್ಷರಕ್ಕೆ ಇಳಿದುದರಿಂದಲೇ ನವೋದಯದ ಚರ್ಚೆ ಇಂದಿಗೂ ಅಲ್ಲಿಂದ ಹೊರಡುತ್ತದೆ. 1916ರಲ್ಲಿ ಸ್ಥಾಪನೆಗೊಂಡ ಆ ವಿಶ್ವವಿದ್ಯಾನಿಲಯವು ಆರ್.ನರಸಿಂಹಾಚಾರ್ಯರಿಂದ ಕನ್ನಡ ಭಾಷೆಯ ಇತಿಹಾಸವನ್ನು ಕುರಿತು ಉಪನ್ಯಾಸ ಮಾಡಿಸಿ, 1934ರಲ್ಲಿ ಗ್ರಂಥವಾಗಿ ಹೊರತಂದಿತು. ಭಾಷಣ ಇಂಗ್ಲಿಷಿನದು, ನಿಜ. ಆದರೆ ಭಾಷಾಚರಿತ್ರೆಯ ಸಂಶೋಧಕನು ಅದನ್ನು ಒಪ್ಪಲಿ, ತಿದ್ದಲಿ, ದಾಟಿ ಹೋಗುವಂತಿಲ್ಲ. ಅದೇ ದಶಕದಲ್ಲಿ ಪ್ರಾಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ನೀಡುತ್ತಿದ್ದರು. ಅವು ಕೈಹೊತ್ತಿಗೆಗಳಾಗಿ ಅಗ್ಗದ ಬೆಲೆಗೆ ಹಳ್ಳಿಯ ಓದುಗನಿಗೂ ದೊರೆತವು. ಅವುಗಳಲ್ಲಿ ಎಲ್ಲವೂ ಚಿನ್ನವಲ್ಲ. ತೆಳುವಾದುದು ಎಷ್ಟು ತೆಳುವೆಂದು ಹೇಳುವುದಕ್ಕಾದರೂ ಮುದ್ರಿತ ಪಠ್ಯ ಕೈಯಲ್ಲಿದೆ.

ಇಂದು ಉಳಿಯುವುದು ಛಾಯಾಚಿತ್ರ. ನ್ಯಾಕ್ ಮೌಲ್ಯಮಾಪನದ ಕಡತಕ್ಕೆ ಆಮಂತ್ರಣ ಪತ್ರಿಕೆ, ಹಾಜರಾತಿ ಸಹಿ, ಸ್ಥಳಸೂಚಿಯುಳ್ಳ ಜಿಯೋಟ್ಯಾಗ್ ಚಿತ್ರ ಇವಿಷ್ಟಿದ್ದರೆ ಕಾರ್ಯಕ್ರಮ ಸಂಪನ್ನ. ಅಕ್ಷಾಂಶ ರೇಖಾಂಶಗಳು ದಾಖಲಾಗುತ್ತವೆ, ಆಡಿದ ಮಾತು ದಾಖಲಾಗುವುದಿಲ್ಲ. ಇದಕ್ಕೆ ನ್ಯಾಕನ್ನು ದೂರುವುದು ಸುಲಭ. ಆದರೆ ಚಿತ್ರ ಕೇಳಿದವರು ಪಠ್ಯವನ್ನು ಮುದ್ರಿಸಬೇಡಿರೆಂದು ಎಲ್ಲಿಯೂ ಹೇಳಿಲ್ಲ. ಯೂಟ್ಯೂಬಿನಲ್ಲಿದೆಯಲ್ಲ ಎಂಬ ಸಮಾಧಾನವೂ ಸಾಲದು. ಧ್ವನಿಮುದ್ರಿಕೆಯಲ್ಲಿ ಶಾಸನದ ಪಾಠವನ್ನು ಪರಿಶೀಲಿಸಲಾಗದು. ಬಾಯ್ತಪ್ಪಿ ಬಂದ ಇಸವಿಯನ್ನು ವಕ್ತಾರರು ತಿದ್ದುವ ಅವಕಾಶವೂ ಅಲ್ಲಿಲ್ಲ. ಉಪನ್ಯಾಸವನ್ನು ಬರೆದು ಮುಗಿಸುವ ಶ್ರಮವೇ ವಿದ್ವತ್ತು, ಅದರಿಂದ ತಪ್ಪಿಸಿಕೊಳ್ಳಲು ಕ್ಯಾಮೆರಾ ಒಳ್ಳೆಯ ನೆಪ.

ದತ್ತಿ ಉಪನ್ಯಾಸಗಳ ಸ್ಥಿತಿ ಇನ್ನಷ್ಟು ಕಳವಳಕಾರಿ. ತಂದೆತಾಯಿಯರ ಅಥವಾ ಗುರುಗಳ ಹೆಸರಿನಲ್ಲಿ ಯಾರೋ ಉಳಿತಾಯದ ಹಣವನ್ನು ಒಂದು ಪೀಠಕ್ಕೆ ಒಪ್ಪಿಸುತ್ತಾರೆ. ಅದರ ಬಡ್ಡಿ ಹಾರ, ಬ್ಯಾನರು, ಭೋಜನಗಳಿಗೆ ವೆಚ್ಚವಾದರೆ ದತ್ತಿಯ ಆಶಯಕ್ಕೆ ದ್ರೋಹ ಬಗೆದಂತೆ. ಸಭೆ ನಡೆದುದೇ ಸುಳ್ಳಲ್ಲ ಎಂಬ ಸಮರ್ಥನೆ ಲೆಕ್ಕಪತ್ರಕ್ಕೆ ಸಾಕು, ಜ್ಞಾನಕ್ಕೆ ಸಾಲದು.

ಪ್ರಶ್ನೆಯ ವಿಚಾರವೂ ಇದೆ. ಶ್ರವಣಬೆಳಗೊಳದ 12ನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರರನ್ನು ಊರೂರಿನಲ್ಲಿ ಭೇರಿ ಹೊಡೆಯಿಸಿ ವಾದಕ್ಕೆ ಕರೆದವರೆಂದು ಚಿತ್ರಿಸುತ್ತದೆ. ಸಾರ್ವಜನಿಕವಾಗಿ ಮಾತನಾಡುವುದೆಂದರೆ ಎದುರುವಾದಿಯನ್ನು ಆಹ್ವಾನಿಸುವುದೆಂಬ ತಿಳಿವಳಿಕೆ ಅಲ್ಲಿದೆ. ಇಂದಿನ ಕ್ಯಾಂಪಸ್ಸಿನಲ್ಲಿ ಪ್ರಶ್ನೆ ಕೇಳಿದ ಸಂಶೋಧನಾ ವಿದ್ಯಾರ್ಥಿ ಅಶಿಸ್ತಿನವನೆನಿಸಿಕೊಳ್ಳುತ್ತಾನೆ; ಮಾರ್ಗದರ್ಶಕರ ಮುಖ ಬಿಗಿದುದನ್ನು ಕಂಡು ಮುಂದಿನ ಸಲ ಬಾಯಿ ತೆರೆಯುವುದಿಲ್ಲ.

ಆದ್ದರಿಂದ ಕೇಳಬೇಕಾದುದು ಹೆಚ್ಚಿನ ಅನುದಾನವನ್ನಲ್ಲ. ವೇದಿಕೆಯ ಮೇಲೆ ಅಧ್ಯಕ್ಷರು ಮತ್ತು ಉಪನ್ಯಾಸಕರು, ಇಬ್ಬರೇ ಕುಳಿತರೆ ಸಾಕು. ಲಿಖಿತ ಪ್ರಬಂಧ ಒಂದು ವಾರ ಮೊದಲೇ ವಿಭಾಗದ ವಿದ್ಯಾರ್ಥಿಗಳ ಕೈಸೇರಬೇಕು, ಸಭೆಯ ಅರ್ಧ ಹೊತ್ತು ಅವರದಾಗಬೇಕು. ಹೋದ ವರ್ಷದ ದತ್ತಿ ಉಪನ್ಯಾಸ ಪ್ರಸಾರಾಂಗದಿಂದ ಅಚ್ಚಾಗಿ ಬರುವವರೆಗೆ ಈ ವರ್ಷದ ಆಮಂತ್ರಣ ಪತ್ರಿಕೆಗೆ ಕುಲಸಚಿವರು ಸಹಿ ಹಾಕಬಾರದು.