"ತಿಳಿಸುತ್ತೇವೆ, ಹೋಗಿ ಬನ್ನಿ"

ಕಳೆದ ವಾರ ಪುಣೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತ್ತು. "ಸರ್, ಇಂಟರ್‌ವ್ಯೂ ಆಗಿ ನಲವತ್ತು ದಿವಸ ಆತ್ರಿ. ತಗೊಂಡೀವಿ ಅಂತನೂ ಹೇಳವಲ್ರು, ಇಲ್ಲ ಅಂತನೂ ಹೇಳವಲ್ರು" ಎಂದ. ಈ ನೌಕರಿ ತಪ್ಪಿದರೆ ಇನ್ನೊಂದನ್ನು ಹುಡುಕುವ ಧೈರ್ಯ ಅವನಿಗಿದೆ. ಆದರೂ ನಿದ್ದೆ ಬರುತ್ತಿಲ್ಲವಂತೆ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಿನಲ್ಲಿ ಇ-ಮೇಲ್ ತೆರೆದು ನೋಡುತ್ತಾನಂತೆ. ಅಷ್ಟು ಹೊತ್ತಿನಲ್ಲಿ ಯಾವ ಕಚೇರಿಯವರು ಪತ್ರ ಬರೆಯುತ್ತಾರಪ್ಪಾ ಎಂದು ನಗಬೇಕೆನಿಸಿತು. ನಗಲಾಗಲಿಲ್ಲ, ಏಕೆಂದರೆ ನಾನೂ ಹಾಗೆಯೇ ಕಾದವನು.

1986ರಲ್ಲಿ ಬಿ.ಇಡಿ. ಮುಗಿಸಿ ಊರಿಗೆ ಬಂದಿದ್ದೆ. ಜೂನ್ ತಿಂಗಳಲ್ಲಿ ಒಂದು ಅನುದಾನಿತ ಪ್ರೌಢಶಾಲೆಯವರು ಸಂದರ್ಶನಕ್ಕೆ ಕರೆದರು. ಮೂರ್ನಾಲ್ಕು ಪ್ರಶ್ನೆ ಕೇಳಿ, "ತಿಳಿಸುತ್ತೇವೆ, ಹೋಗಿ ಬನ್ನಿ" ಎಂದರು. ಅಂದಿನಿಂದ ಅಂಚೆಯವರು ಬರುವ ಹೊತ್ತಿಗೆ ಸರಿಯಾಗಿ ಕಟ್ಟೆಯ ಮೇಲೆ ಕೂಡುವುದೇ ನನ್ನ ಉದ್ಯೋಗವಾಯಿತು. ಕೆಲವು ದಿನಗಳಲ್ಲಿ ಅವರು ದೂರದಿಂದಲೇ ಕೈಯಾಡಿಸಿ "ಇಲ್ಲ" ಎಂದು ಸನ್ನೆ ಮಾಡಿ ಮುಂದೆ ಹೋಗತೊಡಗಿದರು. ಹೊಲದಲ್ಲಿ ಕಳೆ ತೆಗೆಯುವ ಕೆಲಸವಿತ್ತು. ನಾನು ಹೋಗುತ್ತಿರಲಿಲ್ಲ, ನಾನಿಲ್ಲದಾಗ ಕಾಗದ ಬಂದರೆ? ಒಂದು ದಿನ ಅಪ್ಪ ಕುಡುಗೋಲು ಕೈಗಿತ್ತು, "ಕಾಗದ ಬಂದ್ರ ನಿಮ್ಮವ್ವ ತಗೋತಾಳ. ಅದಕ್ಕೇನು ನಿನ್ನ ಕೈನ ಬೇಕಾಗಿಲ್ಲ, ನಡಿ ಹೊಲಕ್ಕ" ಎಂದ. ಸಿಟ್ಟು ಬಂದಿತು. ಆದರೆ ಅಂದು ರಾತ್ರಿ ಬಹಳ ದಿನಗಳ ಮೇಲೆ ನಿದ್ದೆಯೂ ಬಂದಿತು.

ಕಾಗದ ಬರಲೇ ಇಲ್ಲ. ದಸರೆಯ ಸುಮಾರಿಗೆ ಸವದತ್ತಿ ಬಸ್ ನಿಲ್ದಾಣದಲ್ಲಿ ನನ್ನ ಜೊತೆ ಸಂದರ್ಶನಕ್ಕೆ ಬಂದಿದ್ದ ಒಬ್ಬರು ಸಿಕ್ಕು, ಆ ಜಾಗ ಸಂದರ್ಶನವಾದ ವಾರದಲ್ಲಿಯೇ ತುಂಬಿತ್ತೆಂದು ಹೇಳಿದರು. ನನಗಿಂತ ಯೋಗ್ಯರು ಸಿಕ್ಕಿರಬಹುದು, ಆ ಬಗ್ಗೆ ನನ್ನ ತಕರಾರಿಲ್ಲ. ಹದಿನೈದು ಪೈಸೆಯ ಒಂದು ಕಾರ್ಡು ಬರೆಯಲು ಯಾರಿಗೂ ಮನಸ್ಸಾಗಲಿಲ್ಲವಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ.

ಕಾಯುವವನಿಗೆ ತಾಳ್ಮೆಯ ಉಪದೇಶ ಮಾಡುವುದು ನಮ್ಮಲ್ಲಿ ರೂಢಿ. ನನಗೆ ಅದು ಅರ್ಧ ಸರಿ ಎನಿಸುತ್ತದೆ. ನಮ್ಮ ರಾಮದುರ್ಗ ಭಾಗದ ರೈತರಷ್ಟು ಕಾಯುವವರು ಯಾರಿದ್ದಾರೆ? ಆದರೆ ಅವರ ಕಾಯುವಿಕೆಗೆ ಒಂದು ಗಡುವಿದೆ. ಆರಿದ್ರಾ ಮಳೆಯೂ ಕೈಕೊಟ್ಟರೆ ಹೆಸರಿನ ಆಸೆ ಬಿಟ್ಟು ಹಿಂಗಾರಿ ಜೋಳಕ್ಕೆ ಹೊಲ ಹದ ಮಾಡುತ್ತಾರೆ. ಸಂದರ್ಶನ ಮುಗಿಸಿ ಬಂದ ಹುಡುಗನಿಗೆ ಯಾವ ಮಳೆಗೆ ಆಸೆ ಬಿಡಬೇಕೆಂದು ಹೇಳುವವರಿಲ್ಲ. ಫಲಿತಾಂಶಕ್ಕಿಂತ ಈ ದಿನಾಂಕವಿಲ್ಲದಿರುವಿಕೆಯೇ ಮನುಷ್ಯನನ್ನು ಸವೆಸುತ್ತದೆ.

ಸರ್ಕಾರದ ಕಡೆ ನೋಡಿದರೆ ನಮ್ಮ ದೂರುಗಳು ಸಣ್ಣವೆನಿಸುತ್ತವೆ. ಕರ್ನಾಟಕ ಲೋಕಸೇವಾ ಆಯೋಗವು 2011ರ ಸಾಲಿನಲ್ಲಿ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಸಂದರ್ಶನದ ಅಂಕಗಳಿಗೆ ಹಣ ಕೇಳಿದರೆಂಬ ಆರೋಪ ಬಂದು ಸಿಐಡಿ ತನಿಖೆ ನಡೆಯಿತು. ಆಯ್ಕೆಪಟ್ಟಿ 2014ರಲ್ಲಿ ಬಂದಿತು. ಅದೇ ವರ್ಷ ಸರ್ಕಾರ ಅದನ್ನು ಒಪ್ಪದೆ ಕೈಬಿಟ್ಟಿತು. 2016ರಲ್ಲಿ ಆಡಳಿತ ನ್ಯಾಯಮಂಡಳಿ ನೇಮಿಸಿರೆಂದಿತು, 2018ರಲ್ಲಿ ಹೈಕೋರ್ಟು ಕೂಡದೆಂದಿತು. ಕೊನೆಗೆ 2022ರಲ್ಲಿ ವಿಧಾನಮಂಡಲ ಕಾಯ್ದೆಯನ್ನೇ ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಬೇಕಾಯಿತು. ಯಾರ ಪಕ್ಷ ಸರಿ ಎಂಬುದನ್ನು ನಾನು ಹೇಳಹೊರಟಿಲ್ಲ. ಪ್ರಾಮಾಣಿಕವಾಗಿ ಓದಿ ಬರೆದವರೂ ಆ ಪಟ್ಟಿಯಲ್ಲಿದ್ದಿರಬೇಕು. ಅವರ ಹನ್ನೊಂದು ವರ್ಷಗಳಲ್ಲಿ ಮದುವೆ, ಮಕ್ಕಳು, ತಂದೆತಾಯಿಯರ ಮುಪ್ಪು ಎಲ್ಲವೂ ಕಾಯುತ್ತ ನಿಂತಿರಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನೂ ಹೇಳಬೇಕು. ಮುಖ್ಯಾಧ್ಯಾಪಕನಾಗಿದ್ದಾಗ ಅತಿಥಿ ಶಿಕ್ಷಕರ ಒಂದು ಜಾಗಕ್ಕೆ ಮೂವರು ಅರ್ಜಿ ಕೊಟ್ಟಿದ್ದರು. ಹೆಚ್ಚು ಅಂಕವಿದ್ದವರನ್ನು ತೆಗೆದುಕೊಂಡೆವು. ಉಳಿದಿಬ್ಬರಿಗೆ ತಿಳಿಸುವುದು ಪುಸ್ತಕ ಹಂಚಿಕೆ, ಬಿಸಿಯೂಟದ ಲೆಕ್ಕಗಳ ನಡುವೆ ಉಳಿದುಹೋಯಿತು. ಜುಲೈ ಕೊನೆಗೆ ಒಬ್ಬ ಹೆಣ್ಣುಮಗಳು ಅಂಕಪಟ್ಟಿಯ ಫೈಲು ಹಿಡಿದು, ಬಸ್ಸಿಳಿದು ಮಳೆಯಲ್ಲಿ ನಡೆದು ಬಂದು, "ಸರ್, ನಂದೇನಾತ್ರಿ?" ಎಂದು ಬಾಗಿಲಲ್ಲಿ ನಿಂತಳು. ಕಟ್ಟೆಯ ಮೇಲೆ ಕುಳಿತ ನನ್ನನ್ನೇ ಕಂಡಂತಾಯಿತು. ಚಹಾ ತರಿಸಿ ಕ್ಷಮೆ ಕೇಳಿದೆ. ಅವಳು, "ಇರ್ಲಿ ಬಿಡ್ರಿ, ಬ್ಯಾರೆ ಸಾಲಿಯವರು ಕರದಿದ್ರು, ಇಲ್ಲಿ ಆಗ್ತದ ಅಂತ ಹೋಗಲಿಲ್ಲ" ಎಂದಳು. ಇ-ಮೇಲಿಗೆ ಹದಿನೈದು ಪೈಸೆಯೂ ಬೇಕಿಲ್ಲದ ಈ ದಿನಗಳಲ್ಲಿ, ಇಂಥ ದಿನದೊಳಗೆ ಹೇಳುತ್ತೇವೆ ಎಂದು ಮಾತು ಕೊಟ್ಟು, ಇಲ್ಲವೆಂಬುದನ್ನೂ ತಿಳಿಸುವ ಹೊಣೆ ಕರೆದವರದೇ ಎಂದು ನಾನು ಹಟದಿಂದ ಹೇಳುವುದು ಆಕೆಯ ಸಲುವಾಗಿ.

ಬಂಧುಗಳಿಗೂ ಒಂದು ಮಾತು. "ಏನಾತೋ ನಿಂದು?" ಎಂದು ಕಂಡಕಂಡಲ್ಲಿ ಕೇಳುವುದನ್ನು ದಯವಿಟ್ಟು ಬಿಡಿ. ಆದರೆ ಅವನೇ ಹೇಳುತ್ತಾನೆ.

ಪುಣೆಯ ಹುಡುಗನಿಗೆ ನಾನು ಹೇಳಿದ್ದಿಷ್ಟೆ: ಅವರಿಗೆ ಒಂದು ಪತ್ರ ಬರೆದು ಯಾವಾಗ ತಿಳಿಸುತ್ತೀರೆಂದು ಮರ್ಯಾದೆಯಿಂದ ಕೇಳು, ಇನ್ನೆರಡು ಕಡೆ ಅರ್ಜಿ ಹಾಕು, ರಾತ್ರಿ ಮೊಬೈಲನ್ನು ಬೇರೆ ಕೋಣೆಯಲ್ಲಿಡು. ಮೊನ್ನೆ ಸಂತೆಯಲ್ಲಿ ಅವನ ತಾಯಿ ಸಿಕ್ಕರು. ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಈರುಳ್ಳಿಯ ದರ ಕೇಳಿ ಮುಂದೆ ಬಂದೆ.