ಎಲೆ ಮುಚ್ಚಿಡುವ ಹೊತ್ತು

ಕಲ್ಯಾಣದಿಂದ ಬೆಳಿಗ್ಗೆ ಹೊರಡುವ ಫಾಸ್ಟ್ ಲೋಕಲಿನಲ್ಲಿ ಮೊಣಕಾಲ ಮೇಲೆ ಬ್ರೀಫ್‌ಕೇಸ್ ಅಡ್ಡವಿಟ್ಟುಕೊಂಡು ನಾವು ನಾಲ್ವರು ಬಹುಕಾಲ ರಮ್ಮಿ ಆಡಿದವರು. ಪಣವೆಂದರೆ ಸೋತವರು ಸಂಜೆ ಎಲ್ಲರಿಗೂ ಚಹಾ ಕುಡಿಸುವುದು, ಅಷ್ಟೆ. ಆದರೂ ನಮ್ಮ ಮುಖ ನೋಡಿದವರು, ಇವರೇನು ರಾಜ್ಯವನ್ನೇ ಒತ್ತೆಯಿಟ್ಟಿದ್ದಾರೆಯೇ ಎಂದು ನಗುತ್ತಿದ್ದುದುಂಟು.

ನಮ್ಮಲ್ಲಿ ಹುಬ್ಬಳ್ಳಿ ಕಡೆಯ ಸ್ನೇಹಿತರೊಬ್ಬರು ಆಟ ಬಿಡುವುದರಲ್ಲಿ ನಿಪುಣರು. 13 ಎಲೆ ಕೈಗೆ ಬಂದೊಡನೆ ಮೂರು ಸಂಗತಿ ನೋಡುವರು. ಜೋಕರ್ ಉಂಟೆ? ಇಸ್ಪೀಟಿನ ಆರು-ಏಳರಂತೆ ಒಂದರ ಬೆನ್ನಿಗೊಂದು ಬರುವ ಎಲೆಗಳುಂಟೆ? ಒಂಟಿ ರಾಜ-ರಾಣಿಯರ ಸಂತೆಯೇ ನೆರೆದಿದೆಯೆ? ಮೊದಲೆರಡಕ್ಕೆ ಇಲ್ಲ, ಕೊನೆಯದಕ್ಕೆ ಹೌದು ಎಂದಾದರೆ, ಒಂದೂ ಎಲೆ ಎಳೆಯದೆ ಕೈ ಮುಚ್ಚಿಡುವರು. “ಇಪ್ಪತ್ತು ಕೊಟ್ಟೆ, ಅರವತ್ತು ಉಳಿಸಿದೆ ನೋಡ್ರಿ” ಎನ್ನುವರು.

ಲೆಕ್ಕ ಸರಿಯಾದುದೇ. ಮೊದಲೇ ಬಿಟ್ಟರೆ 20, ನಡುವೆ ಬಿಟ್ಟರೆ 40. ಜೋಕರಿಲ್ಲದ ಒಂದು ಸೀಕ್ವೆನ್ಸೂ ಕೂಡದೆ ಸೋತರೆ ಕೈಯಲ್ಲಿರುವುದೆಲ್ಲ ಎಣಿಕೆಗೆ ಬಂದು 80ರವರೆಗೆ ಹೋದೀತು. ನಾಲ್ಕು ಸಲ ಮೊದಲೇ ಬಿಟ್ಟುದೂ ಒಂದು ಸಲ ಪೂರ್ತಿ ಮುಳುಗಿದುದೂ ಒಂದೇ.

ಇದನ್ನು ತಿಳಿದೂ ನಾವು ಬಿಡುತ್ತಿರಲಿಲ್ಲ. ಡೊಂಬಿವಲಿಯಲ್ಲಿ ಹಿಡಿದ ದುರ್ಬಲ ಕೈಯನ್ನು ಠಾಣೆಯವರೆಗೂ ಹಿಡಿದು, “ಇಷ್ಟು ಹೊತ್ತು ಕಾದೆವು, ಇನ್ನೊಂದೇ ಎಲೆ” ಎನ್ನುವೆವು. ಕಾದ ಹೊತ್ತು ಎಲೆಯನ್ನು ಬದಲಿಸುವುದಿಲ್ಲ. ಆ ಹೊತ್ತಿಗೆ 40 ಕೊಟ್ಟು ಏಳುವುದು ನೋವೇ. ಆದರೆ ಅದು 80ರ ಅರ್ಧ.

1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಚಾತುರ್ಯದ ಆಟವೆಂದಿತು. ಬಿದ್ದ ಎಲೆಗಳನ್ನು ನೆನಪಿಡುವುದು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ಅರಿಯುವುದು, ಇವೇ ಆ ಚಾತುರ್ಯ. ಆದರೆ ಚತುರರಿಗೂ ಒಂದು ಕುರುಡು ಉಂಟೆಂದು ನಮಗೆ ತೋರಿಸಿದವರು ಆ ಸ್ನೇಹಿತರೇ.

ಕೆಲವು ವರ್ಷಗಳ ಕೆಳಗೆ ಅವರು ಫೋನಿನಲ್ಲಿ ಹಣವಿಟ್ಟು ರಮ್ಮಿ ಆಡತೊಡಗಿದರು. ಅಲ್ಲಿಯೂ ಕೆಟ್ಟ ಕೈಯನ್ನು ಮೊದಲೇ ಮುಚ್ಚಿಡುತ್ತಿದ್ದರಂತೆ. ಆದರೂ ಮನೆಯ ಸಾಲದ ಎರಡು ಕಂತು ಕರಗಿ ಹೋಯಿತು. “ಎಲೆ ಬಿಡೂದು ಗೊತ್ತಿತ್ರಿ, ಏಳೂದು ಗೊತ್ತಾಗಲಿಲ್ಲ” ಎಂದರು. ರೈಲಿನಲ್ಲಿ ದಾದರು ಬಂದೊಡನೆ ಆಟ ತಾನೇ ಮುಗಿಯುತ್ತಿತ್ತು. ಫೋನಿನಲ್ಲಿ ಸ್ಟೇಷನ್ನೇ ಬರುವುದಿಲ್ಲ.

ಧರ್ಮರಾಯನ ಕಥೆ ನೆನಪಾಗುತ್ತದೆ. ಮೊದಲ ದ್ಯೂತದಲ್ಲಿ ಕಳೆದುಕೊಂಡುದನ್ನೆಲ್ಲ ಧೃತರಾಷ್ಟ್ರ ಹಿಂದಕ್ಕೆ ಕೊಟ್ಟಿದ್ದ. ಮತ್ತೆ ಕರೆ ಬಂದಾಗ ಆತ ಮತ್ತೆ ಹೋಗಿ ಕುಳಿತ. ವನವಾಸ ಬಂದದ್ದು ಎರಡನೆಯ ಆಟದಿಂದ.

2025ರ ಆಗಸ್ಟಿನಲ್ಲಿ ಸಂಸತ್ತು, ಚಾತುರ್ಯದ್ದಿರಲಿ ಅದೃಷ್ಟದ್ದಿರಲಿ, ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಮಾಡಿತು. ಕಾನೂನು ಅಂಗಡಿ ಮುಚ್ಚಿಸಬಹುದು. “ಇನ್ನೊಂದೇ ಎಲೆ” ಎನ್ನುವ ಮನಸ್ಸನ್ನು ನಾವೇ ಮುಚ್ಚಬೇಕು.

ನಮ್ಮ ಸ್ನೇಹಿತರು ಅದನ್ನು ಮುಚ್ಚಿದ ರೀತಿ ಹೀಗೆ: ಒಂದು ರಾತ್ರಿ ಊಟವಾದ ಮೇಲೆ ಹೆಂಡತಿಯ ಮುಂದೆ ಲೆಕ್ಕವನ್ನೆಲ್ಲ ಬಿಚ್ಚಿಟ್ಟರು. ಆಕೆ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, “ಎರಡು ಕಂತಿಗೇ ಹೇಳಿದ್ರಲ್ಲ, ನಾಲ್ಕು ಮಾಡಿಕೊಂಡು ಹೇಳಲಿಲ್ಲ” ಎಂದರಂತೆ.

ಓದುಗರೇ, ದೀಪಾವಳಿಯ ರಾತ್ರಿ ನಮ್ಮ ಮನೆಗಳಲ್ಲಿ ಎಲೆ ಹಂಚುವವರುಂಟು. ಆಡೋಣ. ಆದರೆ ಎದ್ದು ಬರುವ ಸ್ಟೇಷನ್ ಯಾವುದೆಂದು ಕುಳಿತುಕೊಳ್ಳುವ ಮೊದಲೇ ಗೊತ್ತು ಮಾಡಿಕೊಳ್ಳೋಣ.